ಕಥೆ ಹೇಳ್ತಿರೋದು ಯಾರು?

ಕೆಲಸದ ಜೊತೆ ಇಂಗ್ಲಿಷ್ ಎಂ.ಎ. ಓದುತ್ತಿದ್ದೀರಾ? ಅಮೆರಿಕನ್ ಕಥೆಗಳನ್ನು ಹೇಗೋ ಓದಿ ಮುಗಿಸಬಹುದು. ಸಂಶೋಧನಾ ಪ್ರಬಂಧ ಬರೀಬೇಕು ಅಂದಾಗಲೇ ತಲೆಬಿಸಿ ಶುರು. ಕಥೆಯ ಸಾರಾಂಶ, ನಾಲ್ಕು ವಿಮರ್ಶಕರ ಮಾತು ಸೇರಿಸಿದರೆ ಪುಟ ತುಂಬುತ್ತದೆ, ಪ್ರಬಂಧ ಆಗಲ್ಲ.

ಹರ್ಮನ್ ಮೆಲ್ವಿಲ್ 1853ರಲ್ಲಿ ಪ್ರಕಟಿಸಿದ ‘ಬಾರ್ಟಲ್ಬಿ’ ಕಥೆಯನ್ನೇ ತಗೊಳ್ಳಿ. ನ್ಯೂಯಾರ್ಕಿನ ವಾಲ್ ಸ್ಟ್ರೀಟ್‌ನಲ್ಲಿ ವಕೀಲರೊಬ್ಬರ ಕಚೇರಿ. ಅಲ್ಲಿ ದಾಖಲೆಗಳನ್ನು ಕೈಯಲ್ಲಿ ನಕಲು ಮಾಡುವ ಗುಮಾಸ್ತ ಬಾರ್ಟಲ್ಬಿ. ಒಂದು ದಿನ, ನಕಲನ್ನು ತಾಳೆ ನೋಡೋಣ ಬಾ ಎಂದರೆ ವಿನಯದಿಂದಲೇ ಒಲ್ಲೆ ಎನ್ನುತ್ತಾನೆ. ಆಮೇಲೆ ನಕಲು ಮಾಡುವುದನ್ನೂ ನಿಲ್ಲಿಸುತ್ತಾನೆ. ಕೊನೆಗೆ ಜೈಲಿನಲ್ಲಿ ಸಾಯುತ್ತಾನೆ.

‘ಬಾರ್ಟಲ್ಬಿ ಒಂಟಿ ಮನುಷ್ಯ’ ಅಂತ ಬರೆದರೆ ಯಾರೂ ಬೇಡ ಅನ್ನಲ್ಲ. ಹಾಗಾಗಿಯೇ ಅದರಲ್ಲಿ ವಾದವೂ ಇಲ್ಲ. ಬದಲಿಗೆ, ಈ ಕಥೆ ಹೇಳ್ತಿರೋದು ಯಾರು ಅಂತ ಕೇಳಿ. ಅವನ ಬಾಸ್! ಹಾಗಾದರೆ ನಮಗೆ ಸಿಗುವುದು ಬಾರ್ಟಲ್ಬಿಯ ಕಥೆಯೋ, ಬಾಸ್‌ನ ಸಮಜಾಯಿಷಿಯೋ?

ಈಗ ಪ್ರಶ್ನೆ ಸಿಕ್ಕಿತು. ಕಥೆಗೆ ಮರಳಿ, ವಕೀಲ ತನ್ನ ಒಳ್ಳೆಯತನದ ಬಗ್ಗೆ ತಾನೇ ಹೇಳಿಕೊಳ್ಳುವ ಸಾಲುಗಳನ್ನು ಗುರುತು ಹಾಕಿ. ಆತ ಹಣ ಕೊಡಲು ಮುಂದಾದದ್ದು, ಮನೆಗೂ ಕರೆದದ್ದು ನಿಮ್ಮ ವಾದಕ್ಕೆ ಎದುರಾಗಬಹುದು. ಅದನ್ನು ಮುಚ್ಚಿಡಬೇಡಿ. ಅದಕ್ಕೆ ಉತ್ತರ ಕೊಟ್ಟಾಗಲೇ ವಾದ ಗಟ್ಟಿಯಾಗೋದು.

ವಿಮರ್ಶಕರನ್ನು ಇದಾದ ಮೇಲೆ ಓದಿ. ಯಾರ ಮಾತು ತಗೊಂಡರೂ ಹೆಸರು, ಪುಟಸಂಖ್ಯೆ ಕೊಡಿ. ಎಲ್ಲಿ ಒಪ್ಪಲ್ಲ ಅನ್ನೋದನ್ನೂ ಬರೆಯಿರಿ.

ಎಐ ಕ್ಷಣದಲ್ಲಿ ಸಾರಾಂಶ ಕೊಡುತ್ತೆ, ನಿಜ. ಆದರೆ ‘ಹೀಗೆ ಯಾಕೆ ಹೇಳಿದಿರಿ?’ ಅಂತ ವೈವಾದಲ್ಲಿ ಕೇಳಿದರೆ ಬಾಯಿ ತೆರೆಯಬೇಕಾದವರು ನೀವೇ.