ಮೆತ್ತೆಯಿಂದ ಹಲಗೆಗೆ: ‘ಪ್ಯಾಡ್’ ಪದದ ಕನ್ನಡ ಬಾಳು

ಎರವಲು ಪದಗಳನ್ನು ಕುರಿತ ನಮ್ಮ ಚರ್ಚೆ ಬಹುಮಟ್ಟಿಗೆ ಸ್ವೀಕಾರ–ನಿರಾಕರಣೆಗಳ ನೆಲೆಯಲ್ಲಿಯೇ ನಿಂತಿದೆ. ಬಂದ ಪದ ನಮ್ಮಲ್ಲಿ ಹೇಗೆ ಬಾಳಿತೆಂದು ಕೇಳುವವರು ವಿರಳ. ‘ಪ್ಯಾಡ್’ ಎಂಬ ದಿನಬಳಕೆಯ ಪದವನ್ನೇ ನಿದರ್ಶನವಾಗಿ ನೋಡಬಹುದು.

16ನೆಯ ಶತಮಾನದ ಇಂಗ್ಲಿಷಿನಲ್ಲಿ ಈ ಪದ ಮಲಗಲು ಹಾಸುವ ಹುಲ್ಲಿನ ಕಟ್ಟನ್ನು ಸೂಚಿಸುತ್ತಿತ್ತು. ಮೆತ್ತಗಿರುವುದು, ಪೆಟ್ಟು ತಡೆಯುವುದು ಅದರ ತಿರುಳು. ಕ್ರಿಕೆಟ್ ಆಟಗಾರನ ಪ್ಯಾಡಿನಲ್ಲಿಯೂ ಕಚೇರಿಯ ಸ್ಟಾಂಪ್ ಪ್ಯಾಡಿನಲ್ಲಿಯೂ ಆ ತಿರುಳು ಉಳಿದಿದೆ. ಆದರೆ ಪುಣೆಯ ಅಪ್ಪಾ ಬಳವಂತ ಚೌಕದ ಅಂಗಡಿಗಳಲ್ಲಾಗಲಿ ಧಾರವಾಡದಲ್ಲಾಗಲಿ ಪರೀಕ್ಷೆಯ ಪ್ಯಾಡ್ ಕೇಳಿದ ವಿದ್ಯಾರ್ಥಿಯ ಕೈಗೆ ಬರುವುದು ಕ್ಲಿಪ್ಪು ಕೂಡಿಸಿದ ಗಟ್ಟಿ ಹಲಗೆ. ಹಾಳೆಗಳ ಕಟ್ಟು ಎಂಬ ನಡುವಣ ಅರ್ಥದ ಮೂಲಕ ಮೆತ್ತನೆಯ ವಸ್ತುವಿನ ಹೆಸರು ಹಾಳೆಗೆ ಆಸರೆಯಾಗುವ ಹಲಗೆಗೆ ಸಂದಿರಬೇಕು. ‘ಲೆಟರ್‌ಪ್ಯಾಡ್’ ಮತ್ತೂ ಮುಂದೆ ಹೋಗಿದೆ: ಹಾಳೆ ಒಂದೇ ಇದ್ದರೂ, ಮೇಲೆ ಹೆಸರು ಅಚ್ಚಾಗಿದ್ದರೆ ಅದು ಲೆಟರ್‌ಪ್ಯಾಡೇ.

ಇಂಥ ಅರ್ಥವಿಸ್ತಾರ ಹೊಸದಲ್ಲ. ಮರಾಠಿಗೂ ಉತ್ತರ ಕರ್ನಾಟಕದ ಕನ್ನಡಕ್ಕೂ ಸಮಾನವಾದ ‘ಗಾದಿ’ ಹತ್ತಿಯ ಹಾಸಿಗೆಯೂ ಹೌದು, ಅಧಿಕಾರಪೀಠವೂ ಹೌದು. ಅದನ್ನು ಯಾರೂ ತಪ್ಪೆನ್ನುವುದಿಲ್ಲ.

‘ಪ್ಯಾಡ್’ ಎಂದರೆ ‘ಮೆತ್ತೆ’ ಎಂದು ಬರೆದು ಮುಗಿಸುವ ನಿಘಂಟಿನಿಂದ ಪರೀಕ್ಷೆಯ ಹಲಗೆ ಹೊರಗುಳಿಯುತ್ತದೆ. ಅದಕ್ಕಿಂತ ಮಿಗಿಲಾಗಿ, ಸ್ತ್ರೀಯರ ಅನುಭವದ ಒಂದು ಭಾಗವೇ ಹೊರಗುಳಿಯುತ್ತದೆ. ‘ಮುಟ್ಟು’ ಎನ್ನಲು ಹಿಂಜರಿಯುವ ಮನೆಗಳಲ್ಲಿ ‘ಪ್ಯಾಡ್’ ಎಂಬ ಪದ ಮರೆಯೂ ಆಗಿದೆ, ಮಾತಿಗೆ ದಾರಿಯೂ ಆಗಿದೆ. 2018ರಲ್ಲಿ ‘ಪ್ಯಾಡ್‌ಮ್ಯಾನ್’ ಎಂಬ ಹಿಂದಿ ಚಲನಚಿತ್ರದ ಶೀರ್ಷಿಕೆಯಾಗಿ ಅದು ಬಹಿರಂಗಕ್ಕೆ ಬಂತು. ಅದೇ ವರ್ಷದ ಜುಲೈ ತಿಂಗಳಲ್ಲಿ ಆ ವಸ್ತುವಿನ ಮೇಲಿದ್ದ ಶೇ. 12ರ ಜಿಎಸ್‌ಟಿಯೂ ರದ್ದಾಯಿತು. ಇಷ್ಟು ಸಾಮಾಜಿಕ ಭಾರ ಹೊತ್ತ ಪದವನ್ನು ಪರಕೀಯವೆಂದು ಬದಿಗಿಡುವುದು ಭಾಷಾಭಿಮಾನದ ಹೆಸರಿನಲ್ಲಿ ತೋರುವ ಅಲಕ್ಷ್ಯವೇ ಸರಿ.

ಪುಣೆಯ ಡೆಕ್ಕನ್ ಕಾಲೇಜಿನಲ್ಲಿ 1948ರಲ್ಲಿ ಆರಂಭವಾದ ಸಂಸ್ಕೃತ ನಿಘಂಟಿನ ಯೋಜನೆ ಐತಿಹಾಸಿಕ ವಿಧಾನದ್ದು. ಪದದ ಅರ್ಥಗಳನ್ನು ಪ್ರಯೋಗಗಳ ಕಾಲಾನುಕ್ರಮದಲ್ಲಿ ಗುರುತಿಸುವುದು ಅದರ ಕ್ರಮ. ಕನ್ನಡ ಸಾಹಿತ್ಯ ಪರಿಷತ್ತಿನ ಎಂಟು ಸಂಪುಟಗಳ ನಿಘಂಟು ಕಾವ್ಯ, ಶಾಸನಗಳ ಪ್ರಯೋಗಗಳಿಗೆ ಸಲ್ಲಿಸಿರುವ ಶ್ರದ್ಧೆ ಅಂಗಡಿ, ಶಾಲೆ, ಅಡುಗೆಮನೆಗಳ ಮಾತಿಗೂ ಸಲ್ಲಬೇಕು. ಆ ಹೊಣೆ ವಿಶ್ವವಿದ್ಯಾಲಯಗಳ ಕನ್ನಡ ವಿಭಾಗಗಳದು. ಒಬ್ಬೊಬ್ಬ ವಿದ್ಯಾರ್ಥಿ ಇಂಥ ಒಂದೊಂದು ಪದವನ್ನು ಹಿಡಿದು, ಅದನ್ನು ಯಾರು, ಎಲ್ಲಿ, ಯಾವ ಅರ್ಥದಲ್ಲಿ ಆಡುತ್ತಾರೆಂದು ದಾಖಲಿಸಿದರೆ ಸಾಕು. ಮುಂದಿನ ನಿಘಂಟುಕಾರರಿಗೆ ನಮ್ಮ ಕಾಲದ ಕನ್ನಡ ದಕ್ಕುತ್ತದೆ.