ಹಗುರ ವಾಹನದ ಗುರುತರ ಪಾಠ

ವಾಹನ ಮತ್ತು ಪರಿಸರದ ಕುರಿತ ಚರ್ಚೆಗಳು ಬಹುಮಟ್ಟಿಗೆ ಒಂದೇ ಪ್ರಶ್ನೆಯ ಸುತ್ತ ಸುತ್ತುತ್ತವೆ: ಯಾವ ಇಂಧನ? ಪೆಟ್ರೋಲೇ, ಡೀಸೆಲೇ, ಎಥೆನಾಲೇ, ವಿದ್ಯುತ್ತೇ ಎಂಬ ವಾದಗಳ ಗದ್ದಲದಲ್ಲಿ ಇದಕ್ಕಿಂತ ಮೂಲಭೂತವಾದ ಇನ್ನೊಂದು ಪ್ರಶ್ನೆ ಮರೆಯಾಗಿಬಿಡುತ್ತದೆ. ನಾಲ್ಕು ಜನರು ಒಂದೂರಿನಿಂದ ಇನ್ನೊಂದೂರಿಗೆ ಹೋಗಲು ಅವರೊಡನೆ ಎಷ್ಟು ಭಾರದ ಲೋಹವೂ ಚಲಿಸಬೇಕು? ಈ ಪ್ರಶ್ನೆಯನ್ನು ಯುರೋಪಿನ ಎಂಜಿನಿಯರುಗಳು ನಾಲ್ಕು ದಶಕಗಳ ಹಿಂದೆಯೇ ಗಂಭೀರವಾಗಿ ಕೇಳಿಕೊಂಡಿದ್ದರು. ಅದಕ್ಕೆ ಅವರು ಕೊಟ್ಟ ಉತ್ತರಗಳಲ್ಲಿ ಒಂದು, ಫ್ರಾನ್ಸಿನ ಸಿಟ್ರೊಯೆನ್ ಬಿಎಕ್ಸ್ ಎಂಬ ಸಾಧಾರಣ ಕುಟುಂಬದ ಕಾರು.

1973 ಮತ್ತು 1979ರ ತೈಲ ಬಿಕ್ಕಟ್ಟುಗಳು ಯುರೋಪಿನ ವಾಹನೋದ್ಯಮವನ್ನು ನಡುಗಿಸಿದ್ದವು. 1974ರಲ್ಲಿ ದಿವಾಳಿಯ ಅಂಚಿಗೆ ಬಂದಿದ್ದ ಸಿಟ್ರೊಯೆನ್ ಸಂಸ್ಥೆ ಪ್ಯೂಜೊ ಸಮೂಹದ ಆಸರೆ ಪಡೆಯಿತು. ಮಿತವ್ಯಯ ಅನಿವಾರ್ಯವಾಗಿದ್ದ ಇಂಥ ಸನ್ನಿವೇಶದಲ್ಲಿ ರೂಪುಗೊಂಡ ಬಿಎಕ್ಸ್, 1982ರ ಸೆಪ್ಟೆಂಬರಿನಲ್ಲಿ ಪ್ಯಾರಿಸಿನ ಐಫೆಲ್ ಗೋಪುರದ ಬುಡದಲ್ಲಿ ಅನಾವರಣಗೊಂಡಿತು. ಅದರ ಹೊರರೂಪವನ್ನು ರಚಿಸಿದವರು ಇಟಲಿಯ ಬೆರ್ಟೋನೆ ಸಂಸ್ಥೆಯಲ್ಲಿದ್ದ ಮಾರ್ಚೆಲ್ಲೊ ಗಾಂದಿನಿ. ಲ್ಯಾಂಬೋರ್ಗಿನಿ ಕೌಂಟಾಚ್‌ನಂತಹ ಇಂಧನ ನುಂಗುವ ಶ್ರೀಮಂತರ ಕಾರನ್ನು ಚಿತ್ರಿಸಿದ ಕೈಯೇ ಈ ಮಿತಾಹಾರಿ ಕಾರನ್ನೂ ಚಿತ್ರಿಸಿತು. ಪ್ರತಿಭೆ ಒಂದೇ ಆಗಿದ್ದರೂ ಅದರ ಮುಂದಿಟ್ಟ ಪ್ರಶ್ನೆ ಬೇರೆಯಾಗಿತ್ತು.

ಬಿಎಕ್ಸ್‌ನ ಉದ್ದ 4.23 ಮೀಟರ್. ಐದು ಜನರು ಕುಳಿತು, ಹಿಂಬಾಗಿಲು ಎತ್ತಿ ಸಾಮಾನು ತುಂಬಬಹುದಾದ ಈ ವಾಹನದ ಆರಂಭಿಕ ಮಾದರಿಗಳ ತೂಕ ಸುಮಾರು 900 ಕಿ.ಗ್ರಾಂ ಮಾತ್ರ. ಒಂದೊಂದು ಕಿಲೋವನ್ನೂ ಲೆಕ್ಕ ಹಾಕಿ ಈ ಮಿತಿಯನ್ನು ಸಾಧಿಸಲಾಗಿತ್ತು. ಹಿಂಬಾಗಿಲು, ಬಂಪರುಗಳು ಮತ್ತು ಆರಂಭದ ಮಾದರಿಗಳ ಬಾನೆಟ್ಟು ಉಕ್ಕಿನವಲ್ಲ, ಪ್ಲಾಸ್ಟಿಕ್ಕಿನವು. ಮುಂಗಾಜನ್ನು ಒರೆಸಲು ಎರಡರ ಬದಲು ಒಂದೇ ವೈಪರ್. ಗಾಳಿ ಸರಾಗವಾಗಿ ಜಾರಿಹೋಗಲೆಂದು ಹಿಂದಿನ ಚಕ್ರಗಳು ಅರ್ಧ ಮುಚ್ಚಿರುತ್ತಿದ್ದವು. ಗಾಳಿಯ ಪ್ರತಿರೋಧದ ಗುಣಾಂಕ 0.34ರಷ್ಟಿತ್ತು. ಭಾರ ಕಡಿಮೆಯಾದ ಕಾರಣ ಸಣ್ಣ ಎಂಜಿನ್ ಸಾಕಾಯಿತು. ಎಂಜಿನ್ ಸಣ್ಣದಾದ ಕಾರಣ ಅದನ್ನು ಹೊರುವ ಚೌಕಟ್ಟೂ ಹಗುರವಾಯಿತು. ಭಾರವು ಭಾರವನ್ನು ಹೆರುವಂತೆ ಹಗುರತನವು ಹಗುರತನವನ್ನು ಹೆರುತ್ತದೆ.

ಅದರ ತೂಗುವ್ಯವಸ್ಥೆ ಇನ್ನೂ ಕುತೂಹಲಕರವಾದುದು. ಸಾಮಾನ್ಯ ಕಾರುಗಳಲ್ಲಿರುವ ಉಕ್ಕಿನ ಸ್ಪ್ರಿಂಗುಗಳು ಬಿಎಕ್ಸ್‌ನಲ್ಲಿಲ್ಲ. ಪ್ರತಿ ಚಕ್ರಕ್ಕೆ ಒಂದು ಲೋಹದ ಗೋಳ. ಅದರೊಳಗೆ ಒಂದು ಪೊರೆ. ಪೊರೆಯ ಒಂದು ಬದಿಗೆ ಒತ್ತಿ ತುಂಬಿದ ನೈಟ್ರೋಜನ್, ಇನ್ನೊಂದು ಬದಿಗೆ ಹಸಿರು ಬಣ್ಣದ ಖನಿಜ ತೈಲ. ಚಕ್ರ ಉಬ್ಬನ್ನು ಏರಿದಾಗ ತೈಲವು ಅನಿಲವನ್ನು ಒತ್ತುತ್ತದೆ, ಅನಿಲವೇ ಸ್ಪ್ರಿಂಗಿನ ಕೆಲಸ ಮಾಡುತ್ತದೆ. ಎಂಜಿನ್ನಿನಿಂದ ನಡೆಯುವ ಪಂಪು ತೈಲದ ಒತ್ತಡವನ್ನು ಕಾಯುತ್ತದೆ. ಹಿಂದೆ ಎಷ್ಟೇ ಮೂಟೆ ಹೇರಿದರೂ ಕಾರು ಬಾಗುವುದಿಲ್ಲ, ತಾನೇ ಸಮಮಟ್ಟಕ್ಕೆ ಬರುತ್ತದೆ. ಹಿಂದಿನ ಬ್ರೇಕುಗಳಿಗೂ ಹಿಂದಿನ ತೂಗುವ್ಯವಸ್ಥೆಯ ಒತ್ತಡವೇ ಒದಗುವುದರಿಂದ ಹೇರಿದ ಭಾರಕ್ಕೆ ತಕ್ಕಷ್ಟೇ ಬ್ರೇಕಿನ ಬಲವೂ ದೊರೆಯುತ್ತದೆ. ಕೆಟ್ಟ ರಸ್ತೆ ಎದುರಾದರೆ ಚಾಲಕನು ಒಂದು ಸನ್ನೆಕೋಲನ್ನು ಸರಿಸಿ ಇಡೀ ಕಾರನ್ನು ಎತ್ತರಿಸಿಕೊಳ್ಳಬಹುದು. ಹಳ್ಳಿಯ ದಾರಿಗೆ ಬೇಕಾದ ಎತ್ತರವನ್ನು ಪಡೆಯಲು ವಾಹನವು ಸದಾಕಾಲ ಎತ್ತರವೂ ಭಾರವೂ ಆಗಿರಬೇಕಿಲ್ಲ ಎಂಬುದನ್ನು ಈ ಸರಳ ಸನ್ನೆಕೋಲು ಅಂದೇ ತೋರಿಸಿತ್ತು.

ಭಾರದ ಅರ್ಥ ಬಯಲುನಾಡಿನವರಿಗಿಂತ ಘಟ್ಟದವರಿಗೆ ಚೆನ್ನಾಗಿ ತಿಳಿದಿದೆ. ಹೆದ್ದಾರಿಯ ವೇಗದಲ್ಲಿ ಗಾಳಿಯ ಪ್ರತಿರೋಧ ದೊಡ್ಡದು. ನಿಧಾನವಾಗಿ ತಿರುವು ಏರುವಾಗ ಭಾರವೇ ದೊಡ್ಡದು. ಶಾಲೆಯ ಭೌತಶಾಸ್ತ್ರದ ಲೆಕ್ಕವನ್ನೇ ಇಲ್ಲಿ ಹಾಕಬಹುದು. ನಾಲ್ವರನ್ನು ಹೊತ್ತು ಒಟ್ಟು 1,200 ಕಿ.ಗ್ರಾಂ ತೂಗುವ ಕಾರು 500 ಮೀಟರ್ ಎತ್ತರಕ್ಕೆ ಏರಲು ಸುಮಾರು 59 ಲಕ್ಷ ಜೂಲ್ ಶಕ್ತಿ ಬೇಕು. ಒಂದು ಲೀಟರ್ ಪೆಟ್ರೋಲಿನಲ್ಲಿ ಸುಮಾರು 320 ಲಕ್ಷ ಜೂಲ್ ಇದ್ದರೂ, ಅದರ ಕಾಲು ಭಾಗ ಚಕ್ರಕ್ಕೆ ತಲುಪಿದರೆ ಹೆಚ್ಚು. ಅಂದರೆ ಏರುವುದಕ್ಕೆಂದೇ ಮುಕ್ಕಾಲು ಲೀಟರ್ ಖರ್ಚು. ಅದೇ ನಾಲ್ವರು 2,000 ಕಿ.ಗ್ರಾಂ ಒಟ್ಟು ತೂಕದ ವಾಹನದಲ್ಲಿ ಏರಿದರೆ ಒಂದೂಕಾಲು ಲೀಟರಿಗೆ ಹತ್ತಿರ. ಹೆಚ್ಚುವರಿ ಅರ್ಧ ಲೀಟರ್ ಯಾರನ್ನೂ ಮೇಲೇರಿಸಲಿಲ್ಲ, ಕೇವಲ ಉಕ್ಕನ್ನು ಏರಿಸಿತು. ಇಳಿಯುವಾಗ ಆ ಶಕ್ತಿಯ ಬಹುಪಾಲು ಬ್ರೇಕಿನ ಬಿಸಿಯಾಗಿ, ದೂಳಾಗಿ ಕಳೆದುಹೋಗುತ್ತದೆ. ವಿದ್ಯುತ್ ವಾಹನ ಅದರಲ್ಲೊಂದಷ್ಟನ್ನು ಮರಳಿ ಪಡೆಯಬಲ್ಲದು. ಆದರೂ ಭಾರ ಹೆಚ್ಚಿದಷ್ಟೂ ಟಯರಿನ ಸವೆತ ಹೆಚ್ಚುತ್ತದೆ.

ಬಿಎಕ್ಸ್ ನಿರ್ದೋಷಿಯಾಗಿರಲಿಲ್ಲ ಎಂಬುದನ್ನೂ ಹೇಳಲೇಬೇಕು. ಆರಂಭದ ಮಾದರಿಗಳಿಗೆ ಹೊಗೆ ಶುದ್ಧೀಕರಿಸುವ ಕ್ಯಾಟಲಿಟಿಕ್ ಕನ್ವರ್ಟರ್ ಇರಲಿಲ್ಲ. ಯುರೋಪಿನಲ್ಲಿ ಯೂರೋ 1 ಮಾನದಂಡ ಬಂದದ್ದೇ 1992ರಲ್ಲಿ. ಅದರ ಡೀಸೆಲ್ ಮಾದರಿ ಮಿತವ್ಯಯಕ್ಕೆ ಹೆಸರಾಗಿತ್ತು, ಆದರೆ ಡೀಸೆಲ್ ಹೊಗೆ ಕ್ಯಾನ್ಸರ್‌ಕಾರಕವೆಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2012ರಲ್ಲಿ ವರ್ಗೀಕರಿಸಿತು. ಅಪಘಾತದಲ್ಲಿ ಇಂದಿನ ಕಾರುಗಳು ಕೊಡುವ ರಕ್ಷಣೆ ಅದರಲ್ಲಿರಲಿಲ್ಲ. ಗಾಜಿನ ನಾರು ಬೆರೆಸಿದ ಪ್ಲಾಸ್ಟಿಕ್ಕನ್ನು ಉಕ್ಕಿನಂತೆ ಕರಗಿಸಿ ಮರುಬಳಸಲು ಬರುವುದಿಲ್ಲ. ತೈಲದ ಕೊಳವೆಗಳು ತುಕ್ಕು ಹಿಡಿಯುತ್ತಿದ್ದವು, ಗೋಳಗಳ ಅನಿಲ ಕಾಲಕ್ರಮೇಣ ಸೋರುತ್ತಿತ್ತು. ಪಳಗಿದ ಮೆಕ್ಯಾನಿಕ್ ಇಲ್ಲದೆ ಅದರ ನಿರ್ವಹಣೆ ಕಷ್ಟ. ಆದ್ದರಿಂದ ಹಳೆಯ ಕಾರನ್ನು ಮರಳಿ ತರಬೇಕೆಂಬುದು ಇಲ್ಲಿನ ವಾದವಲ್ಲ. ಅದನ್ನು ರೂಪಿಸಿದ ವಿವೇಕ ಎಲ್ಲಿ ಹೋಯಿತೆಂಬುದು ಪ್ರಶ್ನೆ.

1994ರಲ್ಲಿ ನಿಲ್ಲುವ ವೇಳೆಗೆ 23 ಲಕ್ಷಕ್ಕೂ ಹೆಚ್ಚು ಬಿಎಕ್ಸ್‌ಗಳು ತಯಾರಾಗಿದ್ದವು. ಅನಂತರ ನಡೆದದ್ದು ಭಾರದ ಮೆರವಣಿಗೆ. ಯುರೋಪಿನ ಹೊಸ ಕಾರುಗಳ ಸರಾಸರಿ ತೂಕ 2001ರಲ್ಲಿ ಸುಮಾರು 1,270 ಕಿ.ಗ್ರಾಂ ಇದ್ದದ್ದು 2020ರ ವೇಳೆಗೆ 1,400 ಕಿ.ಗ್ರಾಂ ದಾಟಿತ್ತು. ಈ ಹೆಚ್ಚಳದಲ್ಲಿ ಒಂದು ಪಾಲು ಜೀವರಕ್ಷಣೆಯದು, ಅದನ್ನು ಯಾರೂ ಆಕ್ಷೇಪಿಸರು. ಉಳಿದದ್ದು ಗಾತ್ರದ್ದು, ಎತ್ತರದ್ದು, ಪ್ರತಿಷ್ಠೆಯದ್ದು. ಎಂಜಿನ್ ತಂತ್ರಜ್ಞಾನ ಉಳಿಸಿಕೊಟ್ಟ ಇಂಧನದ ಒಂದು ಭಾಗವನ್ನು ಬೆಳೆದ ದೇಹ ತಿಂದುಹಾಕಿತು. 2023ರಲ್ಲಿ ಯುರೋಪಿನಲ್ಲಿ ಮಾರಾಟವಾದ ಹೊಸ ಕಾರುಗಳಲ್ಲಿ ಅರ್ಧದಷ್ಟು ಎಸ್‌ಯುವಿಗಳೇ. ಬಿಎಕ್ಸ್ ಎಂದೂ ಅಧಿಕೃತವಾಗಿ ಕಾಲಿಡದ ಭಾರತಕ್ಕೆ ಸಿಟ್ರೊಯೆನ್ 2021ರಲ್ಲಿ ತನ್ನ ಹೆಸರಿನಲ್ಲಿ ಮೊದಲು ತಂದದ್ದೂ ಒಂದು ಎಸ್‌ಯುವಿಯನ್ನೇ.

ಕೊಳ್ಳುವವರ ಆಸೆಯೊಂದೇ ಇದಕ್ಕೆ ಕಾರಣವಲ್ಲ, ಕಾನೂನುಗಳ ಪಾಲೂ ಇದೆ. ಕಾರುಗಳ ಇಂಗಾಲದ ಹೊಗೆಗೆ ಮಿತಿ ಹಾಕಿದ ಯುರೋಪಿನ 2009ರ ಕಾನೂನು, ಭಾರವಾದ ಕಾರು ತಯಾರಿಸುವವರಿಗೆ ಸಡಿಲ ಮಿತಿಯನ್ನೂ ಹಗುರ ಕಾರು ತಯಾರಿಸುವವರಿಗೆ ಬಿಗಿ ಮಿತಿಯನ್ನೂ ಕೊಟ್ಟಿತು. ತೂಕ ಇಳಿಸಿದವನ ಶ್ರಮದ ಫಲ ಹೀಗೆ ಅರ್ಧಕ್ಕೇ ನಿಂತಿತು. ಭಾರತದಲ್ಲಿ 2017ರಿಂದ ಜಾರಿಗೆ ಬಂದ ಇಂಧನ ದಕ್ಷತೆಯ ಮಾನದಂಡವೂ ವಾಹನದ ತೂಕವನ್ನೇ ಆಧರಿಸಿ ಮಿತಿಯನ್ನು ನಿಗದಿಪಡಿಸುವ ಇದೇ ಜಾಡಿನದು. ಇಲ್ಲಿ ಸಣ್ಣ ಕಾರಿಗೆ ತೆರಿಗೆ ರಿಯಾಯಿತಿ ಕೊಡುವಾಗ ಅಳೆಯುವುದು 4 ಮೀಟರ್ ಉದ್ದವನ್ನು ಮತ್ತು ಎಂಜಿನ್ನಿನ ಗಾತ್ರವನ್ನು, ತೂಕವನ್ನಲ್ಲ. ಈ ಅಳತೆಗೋಲಿನಲ್ಲಿ 900 ಕಿಲೋದ ಬಿಎಕ್ಸ್ ಸಣ್ಣ ಕಾರೇ ಅಲ್ಲ. ಅದಕ್ಕಿಂತ ಭಾರವಾದ, ಗಿಡ್ಡ ಮೂತಿಯ ಎಸ್‌ಯುವಿ ಸಣ್ಣ ಕಾರು!

ದಾರಿ ಇಲ್ಲವೆಂದಲ್ಲ. ಫ್ರಾನ್ಸ್ 2022ರಿಂದ ಭಾರವಾದ ಹೊಸ ಕಾರುಗಳಿಗೆ ತೂಕದ ತೆರಿಗೆ ವಿಧಿಸಿತು; 1,800 ಕಿ.ಗ್ರಾಂಗಿದ್ದ ಮಿತಿಯನ್ನು 2024ರಲ್ಲಿ 1,600ಕ್ಕೆ ಇಳಿಸಿತು. ಬಿಎಕ್ಸ್ ಅನಾವರಣಗೊಂಡಿದ್ದ ಪ್ಯಾರಿಸಿನಲ್ಲೇ 2024ರ ಫೆಬ್ರವರಿಯಲ್ಲಿ ನಡೆದ ಜನಮತಗಣನೆಯಲ್ಲಿ, ಹೊರಗಿನಿಂದ ಬರುವ ಭಾರೀ ಕಾರುಗಳ ನಿಲುಗಡೆ ಶುಲ್ಕವನ್ನು ಮೂರು ಪಟ್ಟು ಮಾಡಲು ಮತ ಹಾಕಿದವರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಒಪ್ಪಿದರು. ಮತ ಹಾಕಿದವರ ಸಂಖ್ಯೆ ಬಹಳ ಕಡಿಮೆ ಇದ್ದದ್ದು ನಿಜ. ಆದರೂ ಭಾರಕ್ಕೆ ಬೆಲೆ ಕಟ್ಟಬಹುದೆಂಬ ತತ್ತ್ವವಂತೂ ಸ್ಥಾಪನೆಯಾಯಿತು.

ಮಲೆನಾಡಿನ ಹಳ್ಳಿಗಳಿಗೆ ಮೊದಲು ಬೇಕಾದದ್ದು ಸಮಯಕ್ಕೆ ಬರುವ ಬಸ್ಸು, ಅದರಲ್ಲಿ ಎರಡು ಮಾತಿಲ್ಲ. ಆದರೆ ಬಸ್ಸು ತಲುಪದ ಮನೆಗಳಿಗೆ ವಾಹನ ಬೇಕೇ ಬೇಕು, ಮತ್ತು ಅದು ಎಂಥದ್ದೆಂಬುದು ಘಟ್ಟದ ರಸ್ತೆಗೂ ಗಾಳಿಗೂ ಸಂಬಂಧಿಸಿದ ವಿಷಯ. ಪ್ರತಿ ವಾಹನದ ನೋಂದಣಿ ಪತ್ರದಲ್ಲಿ ಖಾಲಿ ವಾಹನದ ತೂಕ ನಮೂದಾಗಿರುತ್ತದೆ. ಊರಿಗೆ ಬರುವ ವಾಹನಗಳ ಆ ತೂಕವನ್ನು ವಿದ್ಯಾರ್ಥಿಗಳು ಕೇಳಿ ಬರೆದುಕೊಂಡು, ಒಳಗೆ ಕುಳಿತವರ ಸಂಖ್ಯೆಯಿಂದ ಭಾಗಿಸಲಿ. ಒಬ್ಬ ಮನುಷ್ಯನಿಗೆ ಎಷ್ಟು ಕಿಲೋ ಉಕ್ಕು ಎಂಬ ಆ ಒಂದು ಅಂಕಿ, ಇಂಧನದ ಬಗೆಗಿನ ಹತ್ತು ಭಾಷಣಗಳಿಗಿಂತ ಹೆಚ್ಚಿನದನ್ನು ಹೇಳುತ್ತದೆ.