ಹಳೇ ಹಿಟ್ಟು ಉಳಿಸಿದ್ರೆ ಈಸ್ಟ್ ಖರ್ಚು ಉಳಿಯುತ್ತಾ? ಬೇಕರಿಗಳ ಪೈಸೆ ಲೆಕ್ಕ

ಬನ್ನಿಗೆ ಒಂದು ರೂಪಾಯಿ ಜಾಸ್ತಿ ಮಾಡಿದ್ರೆ ಗಿರಾಕಿ ಎದುರಿನ ಬೇಕರಿಗೆ ಹೋಗ್ತಾನೆ. ಜಾಸ್ತಿ ಮಾಡದಿದ್ರೆ ತಿಂಗಳ ಕೊನೆಗೆ ಕೈಯಲ್ಲಿ ಏನೂ ಉಳಿಯಲ್ಲ. ಸಣ್ಣ ಊರಿನ ಬೇಕರಿ ಮಾಲೀಕರು ಈಗ ಪೈಸೆ ಲೆಕ್ಕಕ್ಕೆ ಇಳಿದಿರುವುದು ಇದಕ್ಕೇ. ಆ ಲೆಕ್ಕದಲ್ಲಿ ಮೊದಲು ಕಣ್ಣಿಗೆ ಬೀಳುವ ವಸ್ತು ಈಸ್ಟ್. ನಿನ್ನೆಯ ಹಿಟ್ಟಿನಲ್ಲಿ ಸ್ವಲ್ಪ ಎತ್ತಿಟ್ಟು ಇವತ್ತಿನ ಹಿಟ್ಟಿಗೆ ಕಲಸಿದರೆ ಹೊಸ ಈಸ್ಟ್ ಕಡಿಮೆ ಸಾಕು ಎನ್ನುವುದು ಉಪಾಯ.

ಈ ಒತ್ತಡ ಸುಮ್ಮನೆ ಬಂದದ್ದಲ್ಲ. 2025ರ ಜುಲೈನಲ್ಲಿ ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೇಕರಿ, ಕಾಂಡಿಮೆಂಟ್ಸ್‌ನವರು ಬೀದಿಗಿಳಿದಿದ್ದರು. ಹಳೇ ಬಾಕಿ ವಸೂಲಿ ಮಾಡಲ್ಲ ಅಂತ ಮುಖ್ಯಮಂತ್ರಿ ಸಿದ್ದರಾಮಯ್ಯ ಹೇಳಿದ ಮೇಲೆ ಬಿಸಿ ತಣ್ಣಗಾಯ್ತು. ಆದರೆ ವರ್ಷಕ್ಕೆ 40 ಲಕ್ಷ ದಾಟಿದರೆ ನೋಂದಣಿ ಬೇಕು ಎನ್ನುವುದು ಹಾಗೇ ಇದೆ. ಬ್ರೆಡ್ ಜೊತೆ ಕೇಕು, ಬಿಸ್ಕತ್ತು ಮಾರುವ ಅಂಗಡಿಗೆ ಬ್ರೆಡ್ ಮಾರಿದ ಹಣವೂ ಆ 40 ಲಕ್ಷದ ಲೆಕ್ಕಕ್ಕೆ ಸೇರುತ್ತೆ.

ಸೆಪ್ಟೆಂಬರ್ 22ರಿಂದ ಕೇಕು, ಬಿಸ್ಕತ್ತಿನ ಜಿಎಸ್‌ಟಿ 18ರಿಂದ 5ಕ್ಕೆ, ಈಸ್ಟಿನದ್ದು 12ರಿಂದ 5ಕ್ಕೆ ಇಳಿಯಿತು. ಬ್ರೆಡ್ಡಿಗೆ ಮೊದಲಿಂದಲೂ ತೆರಿಗೆ ಇಲ್ಲ. ಕೇಳೋಕೆ ಚೆನ್ನಾಗಿದೆ. ಆದರೆ ತೆರಿಗೆ ಇಲ್ಲದ ಮಾಲಿಗೆ ಕ್ರೆಡಿಟ್ ಕೂಡ ಇಲ್ಲ. ಬ್ರೆಡ್ಡಿಗೆ ಹಾಕಿದ ಈಸ್ಟು, ಸುತ್ತಿದ ಪ್ಲಾಸ್ಟಿಕ್ ಕವರಿಗೆ ಕಟ್ಟಿದ ತೆರಿಗೆ ಮಾಲೀಕನ ತಲೆ ಮೇಲೇ ಕೂರುತ್ತದೆ.

ಇನ್ನು ಹಳೇ ಹಿಟ್ಟಿನ ವಿಷಯ. ಇದು ಮೊಸರಿನ ಹೆಪ್ಪಿನ ಹಾಗೆ. ಪೊಟ್ಟಣದ ಈಸ್ಟ್ ಬರುವ ಮೊದಲು ಬ್ರೆಡ್ ಆಗ್ತಿದ್ದದ್ದೇ ಹೀಗೆ. ಗೋವಾದಲ್ಲಿ ಪಾವ್ ಉಬ್ಬಿಸಲು ಕಳ್ಳು ಹಾಕುತ್ತಿದ್ದರು. ಹತ್ತು ಕೆಜಿ ಮೈದಾಕ್ಕೆ ಒಂದು, ಒಂದೂವರೆ ಕೆಜಿ ನಿನ್ನೆಯ ಹಿಟ್ಟು ಸೇರಿಸಿದರೆ ಈಸ್ಟನ್ನು ಸುಮಾರು ಮೂರನೇ ಒಂದು ಭಾಗ ಇಳಿಸಬಹುದು. ಉಬ್ಬಲು ಮಾತ್ರ ಹೆಚ್ಚು ಹೊತ್ತು ಬೇಕು.

ಉಳಿತಾಯ ಎಷ್ಟು? ಒಂದು ಅಂದಾಜು ಹಾಕಿ ನೋಡಿ. 50 ಕೆಜಿ ಮೈದಾ ಮೂಟೆಗೆ ಅರ್ಧ ಕೆಜಿ ಡ್ರೈ ಈಸ್ಟ್, ಆ ಪೊಟ್ಟಣಕ್ಕೆ 200 ರೂಪಾಯಿ ಅಂತ ಇಟ್ಟುಕೊಳ್ಳಿ. ಮೂಟೆಗೆ 400 ಗ್ರಾಂನ ಸುಮಾರು 180 ಬ್ರೆಡ್ ಬರುತ್ತೆ. ಅಂದರೆ ಬ್ರೆಡ್ಡಿಗೆ ಈಸ್ಟ್ ಖರ್ಚು ಒಂದು ರೂಪಾಯಿ ಚಿಲ್ಲರೆ. ಮೂರನೇ ಒಂದು ಭಾಗ ಉಳಿಸಿದರೆ ಮೂಟೆಗೆ 65 ರೂಪಾಯಿ ಆಸುಪಾಸು. ಈಗ ಹತ್ತು ಕೆಜಿಯ ಒಂದೇ ಒಂದು ಕಲಸು ಕೆಟ್ಟಿತು ಅಂದುಕೊಳ್ಳಿ. 36 ಬ್ರೆಡ್, ತಲಾ 40ರಂತೆ 1,440 ರೂಪಾಯಿ ಮಾಲು ಹೋಯ್ತು. ಸಾಮಾನಿನ ಖರ್ಚು ಅದರ ಅರ್ಧ ಅಂದರೂ ಹನ್ನೊಂದು ಮೂಟೆಯಲ್ಲಿ ಉಳಿಸಿದ್ದು ಒಂದೇ ಬೆಳಗ್ಗೆ ಹೋದಂತೆ.

ಕೆಡುವುದಂತೂ ಸುಲಭ. ಹಿಟ್ಟಿನಲ್ಲಿ ಈಸ್ಟ್ ಒಂದೇ ಇರಲ್ಲ, ಹುಳಿ ಬರಿಸುವ ಬ್ಯಾಕ್ಟೀರಿಯಾ ಕೂಡ ಇರುತ್ತೆ. ಹಿಟ್ಟು 26–28 ಡಿಗ್ರಿಯಲ್ಲಿದ್ದರೆ ಈಸ್ಟಿನ ಕೈ ಮೇಲು. ಏಪ್ರಿಲ್‌ನಲ್ಲಿ ಓವನ್ ಪಕ್ಕದ ಕೋಣೆ 38–40ಕ್ಕೆ ಹೋದಾಗ ಹುಳಿಯದ್ದೇ ಆಟ. ಹಳೇ ಹಿಟ್ಟಿನಿಂದ ಹಳೇ ಹಿಟ್ಟು ತೆಗೆಯುತ್ತಾ ಹೋದರೆ ದಿನದಿಂದ ದಿನಕ್ಕೆ ಹುಳಿ ಏರುತ್ತೆ. ವಿದೇಶದಲ್ಲಿ ಹುಳಿ ಬ್ರೆಡ್ಡಿಗೆ ಹೆಚ್ಚು ದುಡ್ಡು ಕೊಡ್ತಾರೆ, ನಿಜ. ಇಲ್ಲಿ ಬೆಣ್ಣೆ ಬನ್ ಹುಳಿಯಾದರೆ ಗಿರಾಕಿ ವಾಪಸ್ ತಂದು ಕೌಂಟರ್ ಮೇಲೆ ಇಡ್ತಾನೆ!

ಕೆಲವರು ಇನ್ನೊಂದು ದಾರಿ ಹೇಳ್ತಾರೆ: ಬೆಲ್ಲದ ನೀರಲ್ಲಿ ಒಂದು ಚಮಚ ಈಸ್ಟ್ ಹಾಕಿ ಬೆಳೆಸಿಕೊಂಡರಾಯ್ತು. ನೊರೆ ಬರುತ್ತೆ, ಆದರೆ ನೊರೆ ಬಂತು ಅಂದ ಮಾತ್ರಕ್ಕೆ ಈಸ್ಟ್ ಹೆಚ್ಚಾಯಿತು ಅಂತಲ್ಲ. ಗಾಳಿ ಸಾಲದೆ, ಸಿಹಿ ಜಾಸ್ತಿ ಇದ್ದರೆ ಈಸ್ಟ್ ತಾನು ಬೆಳೆಯುವುದಕ್ಕಿಂತ ಹೆಚ್ಚಾಗಿ ಆಲ್ಕೋಹಾಲ್ ಮಾಡುತ್ತೆ. ಕಾರ್ಖಾನೆಯಲ್ಲಿ ಗಾಳಿ ಊದುತ್ತಾ, ಸಕ್ಕರೆ ಕಾರ್ಖಾನೆಯ ಕಾಕಂಬಿಯನ್ನು ಸ್ವಲ್ಪಸ್ವಲ್ಪವೇ ಉಣಿಸಿ ಬೆಳೆಸುವುದು ಇದೇ ಕಾರಣಕ್ಕೆ. ಬಕೆಟ್ಟಿನಲ್ಲಿ ಅದು ಆಗಲ್ಲ. ಬಿಯರ್ ಮಾಡುವವರು ತಳದಲ್ಲಿ ಕೂತ ಈಸ್ಟ್ ತೆಗೆದು ಮತ್ತೆಮತ್ತೆ ಬಳಸುತ್ತಾರೆ; ಅಲ್ಲಿ ಪ್ರತಿ ಸಲವೂ ಅದು ಹಲವು ಪಟ್ಟು ಹೆಚ್ಚುತ್ತದೆ. ಹಿಂದೆ ಯುರೋಪಿನ ಬೇಕರಿಗಳಿಗೆ ಈಸ್ಟ್ ಸಿಗುತ್ತಿದ್ದದ್ದೂ ಅಲ್ಲಿಂದಲೇ. ಹಾಗಂತ ಇಲ್ಲಿ ಯಾರೂ ಹಿತ್ತಲಲ್ಲಿ ಬಿಯರ್ ಇಳಿಸೋಕೆ ಹೋಗಬೇಡಿ, ಲೈಸೆನ್ಸ್ ಇಲ್ಲದೆ ಮದ್ಯ ತಯಾರಿಸುವುದು 1965ರ ಕರ್ನಾಟಕ ಅಬಕಾರಿ ಕಾಯ್ದೆಯಡಿ ಅಪರಾಧ.

ಕಾಕಂಬಿ ಮಾತು ಬಂದಾಗ ಗಮನಿಸಬೇಕಾದ್ದು ಒಂದಿದೆ. ಪೆಟ್ರೋಲಿಗೆ ಬೆರೆಸುವ ಎಥೆನಾಲ್ ಆಗುವುದೂ ಅದರಿಂದಲೇ. ಅದು ದೇಶದೊಳಗೇ ಉಳಿಯಲಿ ಅಂತ ಕೇಂದ್ರ 2024ರ ಜನವರಿಯಲ್ಲಿ ರಫ್ತಿಗೆ ಶೇ 50 ಸುಂಕ ಹಾಕಿತ್ತು. ಮಂಡ್ಯ, ಬೆಳಗಾವಿಯ ಗಾಣದ ಹೊಗೆಗೂ ಬೇಕರಿಯ ಬನ್ನಿಗೂ ಸಂಬಂಧ ಇದೆ. ಈಸ್ಟ್ ಈಗ ಅಗ್ಗ ಅಂತ ಮುಂದೆಯೂ ಹಾಗೇ ಇರುತ್ತೆ ಅಂದುಕೊಳ್ಳುವಂತಿಲ್ಲ.

ಅಲ್ಲಿವರೆಗೆ, ಹಳೇ ಹಿಟ್ಟು ಬಳಸಲೇಬೇಕು ಅನ್ನುವವರು ಅದನ್ನು ಮುಚ್ಚಿ ಫ್ರಿಜ್ಜಿನಲ್ಲಿಟ್ಟು ಮರುದಿನವೇ ಮುಗಿಸಬೇಕು. ವಾರಕ್ಕೊಮ್ಮೆಯಾದರೂ ಹೊಸ ಈಸ್ಟಿನಿಂದ ಶುರು ಮಾಡಬೇಕು. ರಾತ್ರಿಯಿಡೀ ಕರೆಂಟ್ ಹೋದರೆ ಆ ಹಿಟ್ಟನ್ನು ಎಸೆಯುವುದೇ ಲಾಭ. ಈಸ್ಟ್ ನಿಜವಾಗಿ ಪೋಲಾಗುವುದು ಬೇರೆ ಕಡೆ: ಬಾಯಿ ತೆರೆದ ಪೊಟ್ಟಣ ಓವನ್ ಮೇಲಿನ ಶೆಲ್ಫಿನಲ್ಲಿ ಬಿದ್ದಿರುತ್ತೆ. ಅದರ ಶಕ್ತಿ ಇಳಿದಂತೆ ಮಾಸ್ಟರ್ ಒಂದು ಹಿಡಿ ಜಾಸ್ತಿ ಹಾಕ್ತಾರೆ. ಬೇಸಿಗೆಯಲ್ಲಿ ಐಸ್ ನೀರಿಗೆ ಡ್ರೈ ಈಸ್ಟನ್ನು ನೇರವಾಗಿ ಸುರಿದರೂ ಅರ್ಧ ಕಸುವು ಹೋದ ಹಾಗೇ. ಮೊದಲು ಮೈದಾದಲ್ಲಿ ಬೆರೆಸಿ ಆಮೇಲೆ ನೀರು ಹಾಕಬೇಕು. ತೆರೆದ ಪೊಟ್ಟಣ ಗಾಳಿಯಾಡದ ಡಬ್ಬಿಯಲ್ಲಿ, ಫ್ರಿಜ್ಜಿನಲ್ಲಿ. ಡಬ್ಬಿ ಮೇಲೆ ತೆರೆದ ತಾರೀಖು ಬರೆದಿಡಲು ಒಂದು ಮಾರ್ಕರ್ ಪೆನ್ ಸಾಕು.